ಹಾಲು ಹಿಂಡುವ ಸೀರೆ

ನಮ್ಮ ಅತ್ತೆ ಸಮುದ್ರ ನೋಡಬೇಕಾದರೆ ನಮ್ಮ ಮಾವ ಸೀರೆ ಉಡಬೇಕಾಗಿತ್ತು. ಬೇರೆ ದಾರಿ ಇರಲಿಲ್ಲ. ಇದ್ದಿದ್ದರೆ ನಾನು ಹುಡುಕದೆ ಬಿಡುತ್ತಿರಲಿಲ್ಲ. ದಸರಾ ರಜೆಯಲ್ಲಿ ಕಾರವಾರಕ್ಕೆ ಕರೆದುಕೊಂಡು ಹೋಗುತ್ತೇನೆ ಎಂದು ಅತ್ತೆಗೆ ಮಾತು ಕೊಟ್ಟವಳು ನಾನು. ಕೊಟ್ಟ ಮಾತಿನಿಂದ ಹಿಂದೆ ಸರಿಯುವುದು ನನ್ನ ಜಾಯಮಾನದಲ್ಲೇ ಇಲ್ಲ.

ನಮ್ಮೂರು ಮೋರಖಂಡಿ. ಅತ್ತೆ ಧೂಳಮ್ಮ, ಮಾವ ಪಂಡರಿ. ನನ್ನ ಗಂಡ ಗೋವರ್ಧನನಿಗೆ ಹುಮನಾಬಾದಿನ ಕಾರ್ಖಾನೆಯೊಂದರಲ್ಲಿ ಕೆಲಸ, ನಾನು ಬಸವಕಲ್ಯಾಣದ ಶಾಲೆಯೊಂದರಲ್ಲಿ ಟೀಚರ್. ಇಷ್ಟೂ ಜನರ ಮೇಲೆ ದರ್ಬಾರು ನಡೆಸುವವಳು ಮಲಿಕಾ, ನಮ್ಮ ಎಮ್ಮೆ.

ಮಲಿಕಾ ಬೇಮಳಖೇಡದವಳು. ಪಕ್ಕದ ಮನೆಯ ಜೈನಬಿ ಖಾಲಾ ಅವರ ತವರಿನಿಂದ ಬಂದವಳು, ಹೆಸರಿಟ್ಟವರೂ ಅವರೇ. ಬರುವಾಗಲೇ ಗತ್ತು ಹೊತ್ತುಕೊಂಡು ಬಂದಿದ್ದಳು. ಈ ಸಲ ಅವಳು ಈದ ಕರು ವಾರ ತುಂಬುವುದರೊಳಗೆ ಸತ್ತುಹೋಯಿತು. ಅಂದಿನಿಂದ ಅತ್ತೆಯೊಬ್ಬರನ್ನು ಬಿಟ್ಟು ಬೇರೆ ಯಾರಿಗೂ ಹಾಲು ಇಳಿಸುತ್ತಿರಲಿಲ್ಲ. ನಾನು ಕುಳಿತರೆ ಬಾಲದಿಂದ ಮುಖಕ್ಕೆ ಬಾರಿಸುವಳು. ಗೋವರ್ಧನ ಕುಳಿತರೆ ಬಕೆಟ್ಟನ್ನೇ ಒದೆಯುವಳು. ಅತ್ತೆ ತಮ್ಮ ಹಸಿರಂಚಿನ ಹಳೆಯ ನೂಲಿನ ಸೀರೆ ಉಟ್ಟು ಬಂದು ಕುಳಿತರೆ ಮಾತ್ರ ಅರ್ಧ ಕಣ್ಣು ಮುಚ್ಚಿ ನಿಲ್ಲುವಳು. ಆ ಸೀರೆ ಹಾಲು ಹಿಂಡುವುದಕ್ಕೆಂದೇ ಇದ್ದದ್ದು. ಸಗಣಿ, ಹಿಂಡಿ, ಹಾಲು ಎಲ್ಲ ಸೇರಿ ಅದಕ್ಕೊಂದು ವಾಸನೆ ಹತ್ತಿತ್ತು. ಕೊಟ್ಟಿಗೆಯ ಗೂಟಕ್ಕೆ ಅದು ತೂಗುತ್ತಿದ್ದರೆ ನಾವು ಆ ಕಡೆಯಿಂದ ಮೂಗು ಮುಚ್ಚಿಕೊಂಡು ಓಡಾಡುತ್ತಿದ್ದೆವು.

ಮೊದಲ ಧಾರೆ ಬಕೆಟ್ಟಿಗೆ ಬೀಳುವ ಹೊತ್ತಿಗೆ ಅತ್ತೆಯ ಬೈಗುಳ ಶುರುವಾಗಿರುತ್ತಿತ್ತು. ಎಮ್ಮೆಗಲ್ಲ, ಮಾವನಿಗೆ. "ಈ ಮನಿಗಿ ಬಂದಾಗಿಂದ ಒಂದ್ ಕಪ್ ಚಾ ಮಾಡಿ ಕೊಟ್ಟಿಲ್ಲ ಈ ಮನಷ್ಯಾ. ಮಂದಿ ಜಗಳ ಬಗೀಹರಸ್ತಾನ, ಮನ್ಯಾಗ ಹೆಂಡ್ತಿ ಇದ್ದಾಳೋ ಸತ್ತಾಳೋ ಕೇಳಂಗಿಲ್ಲ. ಅಂಗಿಗಿ ಇಸ್ತ್ರಿ ಬೇಕು, ಟೋಪಿ ಬೆಳ್ಳಗಿರಬೇಕು, ತೊಳ್ಯಾಕಿ ಯಾರು ಅನ್ನೂದು ಬ್ಯಾಡ." ಹೀಗೇ ಸಾಗಿ, ಮದುವೆಯಲ್ಲಿ ತಂದ ಸೀರೆಯ ಬಣ್ಣಕ್ಕೆ ಬಂದು, ಎಂದೋ ಕೈತಪ್ಪಿದ ಹೊಲಕ್ಕೆ ಹೋಗಿ, ನಡುವೆ ಎಲ್ಲೋ ದನಿ ಇಳಿದು ಗೊಣಗಾಟವಾಗುತ್ತಿತ್ತು. ಆ ಭಾಗ ನನಗೆ ಎಂದೂ ಕೇಳಿಸಿಲ್ಲ. ಕಡೆಗೆ ದನಿ ಮತ್ತೆ ಏರುತ್ತಿತ್ತು, ಮತ್ತು ಕಡೆಯ ಮಾತು ದಿನವೂ ಒಂದೇ. "ಕಿವುಡ ಅದಾನ ಈ ಮನಷ್ಯಾ, ಕಿವುಡ. ಗ್ವಾಡಿ ಮುಂದ ಹೇಳಿದ್ರ ಗ್ವಾಡಿ ಕೇಳ್ತದ, ಈತ ಕೇಳಂಗಿಲ್ಲ." ಅಲ್ಲಿಗೆ ಹಾಲೂ ಮುಗಿದಿರುತ್ತಿತ್ತು.

ಆ ಗೋಡೆಯ ಈಚೆ, ಕಟ್ಟೆಯ ಮೇಲೆ, ಮಾವ ಪೇಪರ್ ಹಿಡಿದು ಕುಳಿತಿರುತ್ತಿದ್ದರು. ಹುಬ್ಬು ಕೂಡ ಅಲ್ಲಾಡುತ್ತಿರಲಿಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ನಾನು ಗಾಬರಿಬಿದ್ದು ಗೋವರ್ಧನನನ್ನು ಕೇಳಿದ್ದೆ. ಅವನು ನಕ್ಕು, ಬೇರೆಯವರ ಮನೆಯಲ್ಲಿ ಹಾಲು ಹಿಂಡುವಾಗ ಹಾಡು ಹೇಳುತ್ತಾರೆ, ನಮ್ಮ ಮನೆಯಲ್ಲಿ ಇದು ಎಂದಿದ್ದ.

ಇನ್ನು ಸಮುದ್ರದ ಮಾತು. ಜೈನಬಿ ಖಾಲಾ ಮುಂಬೈಯಲ್ಲಿರುವ ತಮ್ಮನ ಮನೆಗೆ ಹೋದಾಗ ಸಮುದ್ರ ನೋಡಿ ಬಂದಿದ್ದರು. ಬಂದವರೇ ಅತ್ತೆಯ ಮುಂದೆ ಕುಳಿತು, ಅದಕ್ಕೆ ಆಚೆ ದಂಡೆಯೇ ಕಾಣುವುದಿಲ್ಲ ಎಂದರು. ಅತ್ತೆ ಒಪ್ಪಲಿಲ್ಲ. ನೀರು ಎಂದ ಮೇಲೆ ಆಚೆ ದಂಡೆ ಇರಲೇಬೇಕು, ಇಲ್ಲದಿದ್ದರೆ ನೀರು ನಿಲ್ಲುವುದು ಹೇಗೆ? ಖಾಲಾಗೆ ಕಣ್ಣು ಮಂದ ಆಗಿರಬೇಕು, ಅಷ್ಟೇ. ಈ ವಾದ ವರ್ಷಗಟ್ಟಲೆ ನಡೆದಿತ್ತು. ತಾವು ಕಣ್ಣಾರೆ ಕಾಣದ್ದನ್ನು ಅತ್ತೆ ದೇವರು ಹೇಳಿದರೂ ನಂಬುವವರಲ್ಲ. ಆದರೆ ವಾದದ ಕೊನೆಗೆ, "ಒಮ್ಮಿ ನೋಡಬೇಕ ಅದನ್ನ," ಎನ್ನುತ್ತಿದ್ದರು. ಆ ಮಾತು ನನ್ನ ಮನಸ್ಸಿಗೆ ನಾಟಿತ್ತು. ಹುಟ್ಟಿದ್ದು ರಾಜೇಶ್ವರ, ಕೊಟ್ಟಿದ್ದು ಮೋರಖಂಡಿ. ದೂರದ ಪ್ರಯಾಣ ಎಂದರೆ ಹುಮನಾಬಾದ್. ಮನೆಯಲ್ಲಿ ಹಿಂಡುವ ಎಮ್ಮೆ ಇರುವಷ್ಟು ಕಾಲ ಅತ್ತೆ ಒಂದು ರಾತ್ರಿಯೂ ಹೊರಗೆ ಮಲಗಿದವರಲ್ಲ, ಮತ್ತು ಮನೆಯಲ್ಲಿ ಎಮ್ಮೆ ಇಲ್ಲದ ಕಾಲವೇ ಇರಲಿಲ್ಲ.

ಸೀರೆಯ ಉಪಾಯ ಹೇಳಿದವರು ಖಾಲಾ. ಬೇಮಳಖೇಡದಲ್ಲಿ ಅವರ ಅಣ್ಣ ಹೆಂಡತಿ ಊರಿಗೆ ಹೋದಾಗಲೆಲ್ಲ ಅವಳ ಸೀರೆ ಸುತ್ತಿಕೊಂಡೇ ಹಿಂಡುತ್ತಿದ್ದನಂತೆ.

ಮಾವ ಪೇಪರ್ ಕೆಳಗಿಟ್ಟರು. "ನಾ ಊರಾಗ ನಾಕ್ ಮಂದಿ ನಡುವ ಕೂಡಾಂವ. ನಾ ಸೀರಿ ಉಡ್ಲಾ?"

"ಉಡೂದ ಬ್ಯಾಡ್ರಿ ಮಾವ. ಸುತ್ತಕೊಂಡ್ರ ಸಾಕು," ಎಂದೆ.

"ಬಿಡು ಶೀತಲ," ಎಂದರು ಅತ್ತೆ. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನಗೆ ಕೆಟ್ಟದೆನಿಸಿತು. "ನನ್ನ ನಸೀಬದಾಗ ಸಮುದ್ರ ಇಲ್ಲ. ಟೀವಿಯಾಗ ನೋಡ್ತೀನಿ." ಹೀಗೆಂದು ಒಳಗೆ ಹೋದರು.

ಮಾವ ಟೋಪಿ ತೆಗೆದು ಮೊಳೆಗೆ ಹಾಕಿ, "ಯಾವ ಸೀರಿ?" ಎಂದು ಕೇಳಿದರು.

ಅಂದು ಸಂಜೆ ಕೊಟ್ಟಿಗೆಯ ಬಾಗಿಲು ಹಾಕಿಕೊಂಡು, ಮೂಗಿಗೆ ಟವೆಲ್ ಕಟ್ಟಿ, ಮೇಲೆ ಅತ್ತೆಯ ಸೀರೆ ಸುತ್ತಿಕೊಂಡು ಕುಳಿತರು. ಪಕ್ಕದಲ್ಲೇ ಅತ್ತೆ ನಿಂತು, ಹೀಗೆ ಹಿಡಿಯಿರಿ, ಹಾಗೆ ಎಳೆಯಬೇಡಿ, ಒಮ್ಮೆಯಾದರೂ ಕಲಿತಿದ್ದರೆ ಹೀಗೆ ಒದ್ದಾಡಬೇಕಾಗಿತ್ತೇ ಎಂದು ವಟಗುಟ್ಟುತ್ತಲೇ ಇದ್ದರು. ಮಲಿಕಾ ಮೂಸಿ ನೋಡಿದಳು, ಅರ್ಧ ಕಣ್ಣು ಮುಚ್ಚಿದಳು, ಹಾಲು ಕೊಟ್ಟಳು. ಮಾವ ಬಕೆಟ್ ಹಿಡಿದು ಹೊರಬಂದಾಗ ಗೋಡೆಯ ಮೇಲಿಂದ ಖಾಲಾ, "ಪಂಡರಿ ಭಾಯಿ, ಹಸರ ಬಣ್ಣ ನಿಮಗ ಬರೋಬರಿ ಒಪ್ತದ," ಎಂದರು. ಮಾವ ಕೇಳಿಸದವರಂತೆ ಒಳಗೆ ಹೋದರು. ಕೇಳಿಸದವರಂತೆ ಇರುವುದರಲ್ಲಿ ಅವರನ್ನು ಮೀರಿಸುವವರಿಲ್ಲ.

ಅಂತೂ ಹೊರಟೆವು, ಅತ್ತೆ, ಖಾಲಾ, ನಾನು. ಸೋಯಾ ರಾಶಿ ಮುಗಿದಿತ್ತು, ತೊಗರಿ ಹಸಿರಾಗಿ ನಿಂತಿತ್ತು, ಮಳೆ ಹಿಂದೆ ಸರಿದು ಬಿಸಿಲಿಗೆ ಹೊಸ ಹೊಳಪು ಬಂದಿತ್ತು. ಮುಂಜಾನೆಯ ಹಾಲು ಅತ್ತೆಯೇ ಹಿಂಡಿದರು. ಸೀರೆ ಗೂಟಕ್ಕೆ ಹಾಕಿದರು. ಮಲಿಕಾಳ ಕೊರಳು ಕೆರೆದು, ತಿರುಗಿ ನೋಡದೆ ಬಂದರು.

ಮಾವ ನಮ್ಮನ್ನು ಕಳಿಸಲು ಹುಮನಾಬಾದ್ ಬಸ್ ನಿಲ್ದಾಣದವರೆಗೆ ಬಂದಿದ್ದರು. "ಎಂಟ್ ದಿನಾ ಬೇಕಾದ್ರ ಇರ್ರಿ," ಎಂದು ನನಗೆ ಹೇಳಿ, ಅತ್ತೆಯ ಕಡೆ ನೋಡದೆ, "ಆದ್ರ ಈಕಿ ಹುಬ್ಬಳ್ಳಿಯಿಂದನ ತಿರಗಿ ಬರ್ತಾಳ, ಬರಕೋ," ಎಂದರು.

"ನೋಡೂಣಂತ," ಎಂದರು ಅತ್ತೆ. ಬಸ್ಸು ಹತ್ತಿದ ಮೇಲೆ ಕಿಟಕಿಯ ಪಕ್ಕದ ಸೀಟು ಹಿಡಿದು ಯಾರಿಗೂ ಬಿಟ್ಟುಕೊಡಲಿಲ್ಲ.

ಹುಬ್ಬಳ್ಳಿ ದಾಟಿದೆವು. ಅತ್ತೆ ತಿರುಗಿ ಬರಲಿಲ್ಲ. ಬೆಳಕು ಹರಿಯುವಾಗ ಯಲ್ಲಾಪುರದ ಕಾಡು ಬಂತು. ಅಷ್ಟೊಂದು ಮರ ಕಂಡು ಅತ್ತೆ, ಇಷ್ಟು ಮೇವು ಇಟ್ಟುಕೊಂಡು ಇಲ್ಲಿ ಎಮ್ಮೆಗಳೇ ಕಾಣುವುದಿಲ್ಲವಲ್ಲ ಎಂದು ಮರುಗಿದರು. ದಾರಿಯುದ್ದಕ್ಕೂ ಮಾವನಿಗೆ ಫೋನ್ ಮಾಡಿಸಿದರು. ಮಾವನ ಉತ್ತರ ಪ್ರತಿ ಸಲವೂ ಒಂದೇ: ಎಲ್ಲಾ ಬರೋಬರಿ ಅದ. ಅತ್ತೆಯ ಮುಖದಲ್ಲಿ ನಿರಾಳವೂ ಇತ್ತು, ಸಣ್ಣ ಅಸಮಾಧಾನವೂ ಇತ್ತು. ತಾವಿಲ್ಲದೆ ಎಲ್ಲವೂ ಇಷ್ಟು ಬರೋಬರಿ ಇರುವುದು ಅವರಿಗೆ ಅಷ್ಟೇನೂ ಹಿಡಿಸಿರಲಿಲ್ಲ.

ಕಾರವಾರದಲ್ಲಿ ಬಸ್ ನಿಲ್ದಾಣದಿಂದ ನಡೆದು ಹೋಗುವಷ್ಟು ಹತ್ತಿರದಲ್ಲೇ ಕಡಲು. ಲಾಡ್ಜಿನಲ್ಲಿ ಚೀಲ ಎಸೆದು ಮೂವರೂ ಹೋದೆವು. ಗಾಳಿಮರಗಳ ಸಾಲು ದಾಟಿದ ಕೂಡಲೇ ನೀರು ಕಂಡಿತು. ಅತ್ತೆ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು ಮರಳ ಮೇಲೆ ನಿಂತರು. ಬಹಳ ಹೊತ್ತು ಮಾತಾಡಲಿಲ್ಲ. ಅತ್ತೆ ಅಷ್ಟು ಹೊತ್ತು ಬಾಯಿ ಮುಚ್ಚಿದ್ದನ್ನು ನಾನು ನೋಡಿದ್ದು ಅದೇ ಮೊದಲು. ನನಗೆ ಕಣ್ಣು ತುಂಬಿ ಬಂತು. ಇವರನ್ನು ಇಲ್ಲಿಗೆ ತಂದವಳು ನಾನು ಎಂಬ ಹಮ್ಮೂ ಇತ್ತು, ಸುಳ್ಳೇಕೆ ಹೇಳಲಿ.

ಆಮೇಲೆ ಅತ್ತೆ ಚಪ್ಪಲಿ ಹಿಡಿದ ಕೈಯನ್ನೇ ಮುಂದೆ ಚಾಚಿದರು. "ಅಗೋ, ಆಚಿ ದಂಡಿ."

ನೋಡಿದರೆ ನಿಜವೇ. ನೀರಿನಾಚೆ ಹಸಿರು ಗುಡ್ಡಗಳು ಸಾಲಾಗಿ ನಿಂತಿದ್ದವು.

"ಅದು ದಂಡಿ ಅಲ್ಲ ಧೂಳವ್ವಾ," ಎಂದರು ಖಾಲಾ. "ಅದು ನೀರಿನ ನಡುವಿನ ಗುಡ್ಡ."

"ನೀರಾಗ ಗುಡ್ಡ ಯಾರ ನೆಡ್ತಾರ? ನಿನಗ ಕಣ್ಣ ಕಾಣಂಗಿಲ್ಲ ಅಂತ ನಾ ಮೊದಲ ಹೇಳಿದ್ದೆ."

ಖಾಲಾ ನನ್ನ ಕಡೆ ನೋಡಿದರು. ಅದು ಕೂರ್ಮಗಡ ಎಂಬ ನಡುಗಡ್ಡೆ ಎಂದು ನಾನು ಹೇಳಿದೆ. ಟೀಚರ್ ಎಂಬ ಮುಲಾಜಿಲ್ಲದೆ ಅತ್ತೆ ನನ್ನನ್ನೂ ತಳ್ಳಿಹಾಕಿದರು. ಅಲ್ಲೇ ಬಲೆ ಬಿಡಿಸುತ್ತ ಕುಳಿತಿದ್ದ ಒಬ್ಬ ದೋಣಿಯವನ ಹತ್ತಿರ ಹೋಗಿ, ಗಡಿಯಂಚಿನ ತಮ್ಮ ಮರಾಠಿಯಲ್ಲಿ ವಿಚಾರಿಸಿದರು. ಅವನು ಕೊಂಕಣಿ ಬೆರೆಸಿ ಉತ್ತರಿಸಿದ. ಇಬ್ಬರೂ ಬಲು ಬೇಗ ಹಳೆಯ ಪರಿಚಯದವರ ಹಾಗೆ ಮಾತಾಡತೊಡಗಿದರು. ನಾಳೆ ಮುಂಜಾನೆ ದೋಣಿ ಆ ಗುಡ್ಡದ ಹಿಂದಕ್ಕೆ ಹೋಗುತ್ತದೆ, ಹಿಂದೆ ಏನಿದೆ ಎಂದು ನೀವೇ ನೋಡಿ, ನಾನು ಹೇಳುವುದಿಲ್ಲ ಎಂದನಂತೆ. ಅತ್ತೆಗೆ ಆ ಮನುಷ್ಯ ಬಹಳ ಹಿಡಿಸಿದ. ನಾಳೆ ದೋಣಿ ಹತ್ತುವುದು ಎಂದು ನಿಶ್ಚಯವಾಯಿತು.

ಉಳಿದ ಹೊತ್ತೆಲ್ಲ ಅತ್ತೆ ಹಬ್ಬದ ಹುಮ್ಮಸ್ಸಿನಲ್ಲಿದ್ದರು. ಮೊಣಕಾಲವರೆಗೆ ನೀರಿಗಿಳಿದರು. ಬಾಯಿಗೆ ಹಾಕಿ ನೋಡಿ ಉಗಿದು, ಇಷ್ಟು ನೀರಿದ್ದು ಒಂದು ಎಮ್ಮೆಗೂ ಕುಡಿಯಲು ಬಾರದು ಎಂದರು. ಊರಿಂದ ತಂದ ಖಡಕ್ ರೊಟ್ಟಿ ಒಂದೇ ದಿನಕ್ಕೆ ಮೆತ್ತಗಾಗಿದ್ದನ್ನು ಕಂಡು ಇಲ್ಲಿಯ ಗಾಳಿಗೇ ಛೀಮಾರಿ ಹಾಕಿದರು. ಖಾಲಾ ಮೀನು ಸಾರು ಉಣ್ಣುತ್ತ ಆ ಗಾಳಿಯ ಪರ ವಹಿಸಿ ಮಾತಾಡಿದರು.

ಹೊತ್ತು ಮುಳುಗುವ ಮುಂಚೆ ಮತ್ತೆ ಮರಳಿಗೆ ಬಂದು ಕುಳಿತಿದ್ದೆವು. ಖಾಲಾ ಅವರ ಫೋನ್ ಬಡಿದುಕೊಂಡಿತು. ಊರಿನಿಂದ ಅವರ ಸೊಸೆ ಸಮ್ರೀನ. ಕೇಳುತ್ತ ಕೇಳುತ್ತ ಖಾಲಾ ಅವರ ಮುಖ ಸಣ್ಣದಾಯಿತು. ಫೋನ್ ಇಟ್ಟು, ಹೇಳಲೋ ಬೇಡವೋ ಎಂಬಂತೆ ನನ್ನ ಕಡೆ ನೋಡಿದರು.

"ಏನಾಯ್ತ ಹೇಳು," ಎಂದರು ಅತ್ತೆ.

"ಮಲಿಕಾ ನಿನ್ನಿಯಿಂದ ಒದರಾಕತ್ತಾಳಂತ."

ಅತ್ತೆ ನನ್ನ ಕೈಯಿಂದ ಫೋನ್ ಕಿತ್ತುಕೊಂಡರು. ಅವರ ಕೈಯಲ್ಲಿದ್ದಂತೆಯೇ ನಾನು ಮಾವನ ನಂಬರ್ ಒತ್ತಿ ಸ್ಪೀಕರ್ ಹಾಕಿದೆ.

"ಎಲ್ಲಾ ಬರೋಬರಿ ಅದ," ಎಂದಿತು ಮಾವನ ದನಿ, ಕೇಳುವ ಮೊದಲೇ.

"ಬರೋಬರಿ ಇದ್ರ ಮಲಿಕಾ ಯಾಕ ಒದರಾಕತ್ತಾಳ?"

"ಜರಾ ಸಿಟ್ಟಿಗೆದ್ದಾಳ," ಎಂದರು ಮಾವ.

"ಹಾಲು?"

"ಕೊಟ್ಟಿಲ್ಲ."

"ಯಾವಾಗಿಂದ?"

"ನೀವು ಹೋದಾಗಿಂದ."

ಅತ್ತೆ ಕಣ್ಣು ಮುಚ್ಚಿಕೊಂಡರು. "ಸೀರಿ ಉಟ್ಟಿದ್ರಿ ಇಲ್ಲೋ?"

"ಉಟ್ಟಿದ್ದೆ. ಭಾಳ ವಾಸನಿ ಇತ್ತು ಅಂತ ಚಲೋತ್ನ್ಯಾಗಿ ಸಾಬೂನ ಹಾಕಿ ತೊಳದೆ, ಇಸ್ತ್ರಿ ಮಾಡಿದೆ, ಆಮ್ಯಾಲ ಉಟ್ಟೆ."

ಹಾಲು ಹಿಂಡುವ ಸೀರೆಯನ್ನು ತೊಳೆಯಬೇಡಿ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಜನ್ಮದಲ್ಲಿ ಒಂದು ಕರವಸ್ತ್ರ ಒಗೆಯದ ಮನುಷ್ಯನಿಗೆ ಅದನ್ನು ಹೇಳಬೇಕೆಂದು ಯಾರಿಗೆ ತಾನೇ ಹೊಳೆಯುತ್ತದೆ?

"ಜೀವಮಾನದಾಗ ಒಂದ ಅರಿವಿ ತೊಳದಾಂವ ಅಲ್ಲ," ಎಂದರು ಅತ್ತೆ ನಮ್ಮ ಕಡೆ ತಿರುಗಿ. "ತೊಳ್ಯಾಕ ಇದೊಂದ ಸೀರಿ ಸಿಕ್ತು." ನನಗೆ ನಗು ಬಂತು, ನಗಲಿಲ್ಲ. ಅತ್ತೆ ಆಗಲೇ ಫೋನಿಗೆ ಮಗನನ್ನು ಕರೆಯುತ್ತಿದ್ದರು.

ಗೋವರ್ಧನ ಫೋನಿಗೆ ಬಂದ. ಡಾಕ್ಟರನ್ನು ಕರೆಸಿ ಸೂಜಿ ಮಾಡಿಸಿದರೆ ಹಾಲು ತಾನೇ ಇಳಿಯುತ್ತದೆ ಎಂದ. "ನನ್ನ ಎಮ್ಮಿಗಿ ಸೂಜಿ ಚುಚ್ಚಿಸಿದಿ ಅಂದ್ರ ನೀ ಮನ್ಯಾಗ ಇರಬ್ಯಾಡ," ಎಂದರು ಅತ್ತೆ. ಆಗ ನನಗೊಂದು ಬುದ್ಧಿ ಹೊಳೆಯಿತು. ಫೋನನ್ನು ಮಲಿಕಾಳ ಕಿವಿಯ ಹತ್ತಿರ ಹಿಡಿಯಲು ಗಂಡನಿಗೆ ಹೇಳಿದೆ. ಅತ್ತೆ ಕಡಲಿನ ಕಡೆ ಬೆನ್ನು ತಿರುಗಿಸಿ ಕುಳಿತು, ನಾನೆಂದೂ ಕೇಳದಷ್ಟು ಮೆತ್ತಗಿನ ದನಿಯಲ್ಲಿ, "ಮಲಿಕಾ, ನನ್ನ ಬಂಗಾರಾ, ನನ್ನವ್ವಾ, ಹಾಲ ಕೊಡು, ನಾ ಬರ್ತೀನಿ," ಎಂದರು. ಮಲಿಕಾ ಒಂದು ಕ್ಷಣ ಸುಮ್ಮನಾದಳು. ಆಮೇಲೆ ಫೋನ್ ಒಡೆದುಹೋಗುವಂತೆ ಒದರಿದಳು. ಇಂಥ ಸವಿಮಾತನ್ನು ಅವಳು ಅತ್ತೆಯ ಬಾಯಲ್ಲಿ ಯಾವಾಗ ಕೇಳಿದ್ದಳು ಪಾಪ.

"ಮುಂಜಾನಿ ಮೊದಲ ಬಸ್ಸಿಗಿ ಹೋಗೂ ನಡಿ," ಎಂದರು ಅತ್ತೆ ಎದ್ದು ನಿಂತು.

ನಾನು ಸುಮ್ಮನಿರಲಿಲ್ಲ. ನೀವು ಹೋಗಿ ಮುಟ್ಟುವುದರೊಳಗೆ ಮತ್ತೊಂದು ಹಗಲು ಕಳೆದಿರುತ್ತದೆ, ಅಷ್ಟರಲ್ಲಿ ಏನಾದರೂ ದಾರಿ ಸಿಗುತ್ತದೆ, ದೋಣಿ ಹತ್ತಿ ಬಂದು ಆಮೇಲೆ ಹೋಗೋಣ ಎಂದೆಲ್ಲ ವಾದಿಸಿದೆ. ವಾದದಲ್ಲಿ ನಾನು ಸೋತದ್ದು ಕಡಿಮೆ. ಅತ್ತೆ ಎಲ್ಲವನ್ನೂ ಕೇಳಿಸಿಕೊಂಡರು.

"ಹಾಲಿನ ಮಾತಲ್ಲ ಶೀತಲ. ಕೆಚ್ಚಲ ಬಾತ್ರ ಆಕಿ ಜೀವಕ್ಕ ಕುತ್ತು. ಕರು ಕಳಕೊಂಡಾಳ. ಈಗ ನಾನೂ ಬಿಟ್ಟ ಬಂದೀನಿ ಅಂತ ಆಕಿಗಿ ಅನಿಸಿರ್ತದ. ನಾ ಇಲ್ಲಿ ನೀರ ನೋಡಕೋತ ಕುಂಡ್ರಲಾ?"

ಇಷ್ಟು ದೂರ ಕರೆತಂದು, ದಂಡೆಯ ಮೇಲೆ ನಿಲ್ಲಿಸಿ, ಹಾಗೇ ವಾಪಸು ಕರೆದುಕೊಂಡು ಹೋಗಬೇಕಲ್ಲ ಎಂದು ನನಗೆ ಅಳು ಬರುವಷ್ಟು ಸಿಟ್ಟು ಬಂತು. ಸೀರೆಯ ಮೇಲೆ, ಸಾಬೂನಿನ ಮೇಲೆ, ಮಾವನ ಮೇಲೆ. ಮಾವ ಮಾತ್ರ ಇನ್ನೂ ಫೋನಿನಲ್ಲೇ ಇದ್ದರು. ಎಲ್ಲ ಕೇಳಿಸಿಕೊಂಡಿದ್ದರು ಎಂದು ಆಮೇಲೆ ಗೊತ್ತಾಯಿತು. ಏನೂ ಹೇಳದೆ ಕಟ್ ಮಾಡಿದರು.

ಖಾಲಾ ಲಾಡ್ಜಿಗೆ ಬಂದವರೇ ತಮ್ಮ ಚೀಲ ಕಟ್ಟಲು ಕುಳಿತರು. ನೀವು ಇರಿ, ನಾವಿಬ್ಬರು ಹೋಗುತ್ತೇವೆ ಎಂದರೆ, "ಧೂಳವ್ವನ್ನ ಕಳಸಿ ನಾ ಇಲ್ಲಿ ಮೀನ ತಿನ್ಲಾ?" ಎಂದರು. ಮೀನಿನ ಮೇಲೆ ಅವರಿಗೆ ಇನ್ನೂ ಆಸೆ ಇತ್ತು ಎಂದು ನನಗೆ ಗೊತ್ತು.

ಮುಂಜಾನೆ ಹುಬ್ಬಳ್ಳಿಯ ಬಸ್ಸು ನಿಂತಿತ್ತು. ಚೀಲ ಮೇಲಿಟ್ಟೆವು. ಅತ್ತೆ ಈ ಸಲ ಕಿಟಕಿಯ ಸೀಟು ಕೇಳಲಿಲ್ಲ. ಕಡಲಿದ್ದ ದಿಕ್ಕಿಗೆ ಒಮ್ಮೆಯೂ ಕತ್ತು ತಿರುಗಿಸಲಿಲ್ಲ. ಡ್ರೈವರ್ ಇನ್ನೂ ಚಹಾ ಕುಡಿಯುತ್ತಿದ್ದ.

ಖಾಲಾ ಅವರ ಫೋನ್ ಬಡಿದುಕೊಂಡಿತು. ಸಮ್ರೀನ ಪಿಸುಗುಟ್ಟಿದಳು: "ಅಮ್ಮೀ, ಮಾತಾಡಬ್ಯಾಡ್ರಿ. ಸುಮ್ನ ಕೇಳ್ರಿ. ಗ್ವಾಡಿ ಮ್ಯಾಲ ಫೋನ್ ಇಡಾಕತ್ತೀನಿ. ಧೂಳವ್ವ ಮೌಸಿಗೂ ಕೇಳಸ್ರಿ."

ಬಸ್ಸಿನೊಳಗಿನ ಗದ್ದಲದಲ್ಲಿ ಏನೂ ಕೇಳಿಸುವಂತಿರಲಿಲ್ಲ. ಮೂವರೂ ಕೆಳಗಿಳಿದು ಒಂದು ಕಂಬದ ಮರೆಗೆ ಹೋಗಿ ಫೋನಿನ ಸುತ್ತ ತಲೆ ಕೂಡಿಸಿ ನಿಂತೆವು.

ಮಾವನ ದನಿ. ಸಿಟ್ಟಿಲ್ಲ, ನಗುವಿಲ್ಲ, ನಾಲ್ಕು ಜನರ ನಡುವೆ ಕುಳಿತು ತೀರ್ಮಾನ ಓದಿ ಹೇಳುವಾಗ ಇರುವಂಥ ಸಮ ದನಿ.

"ಈ ಮನಿಗಿ ಬಂದಾಗಿಂದ ಒಂದ್ ಕಪ್ ಚಾ ಮಾಡಿ ಕೊಟ್ಟಿಲ್ಲ ಈ ಮನಷ್ಯಾ. ಮಂದಿ ಜಗಳ ಬಗೀಹರಸ್ತಾನ, ಮನ್ಯಾಗ ಹೆಂಡ್ತಿ ಇದ್ದಾಳೋ ಸತ್ತಾಳೋ ಕೇಳಂಗಿಲ್ಲ. ಅಂಗಿಗಿ ಇಸ್ತ್ರಿ ಬೇಕು, ಟೋಪಿ ಬೆಳ್ಳಗಿರಬೇಕು, ತೊಳ್ಯಾಕಿ ಯಾರು ಅನ್ನೂದು ಬ್ಯಾಡ."

ನಾನು ಅತ್ತೆಯ ಮುಖ ನೋಡಿದೆ. ಅವರ ಬಾಯಿ ತೆರೆದೇ ಇತ್ತು.

ಮಾವ ಒಂದು ಅಕ್ಷರ ತಪ್ಪದೆ ಹೇಳುತ್ತ ಹೋದರು. ಮದುವೆಯ ಸೀರೆಯ ಬಣ್ಣ ಬಂತು. ಕೈತಪ್ಪಿದ ಹೊಲ ಬಂತು. ಅತ್ತೆ ಉಸಿರು ತೆಗೆದುಕೊಳ್ಳುವ ಜಾಗದಲ್ಲಿ ಅವರೂ ಉಸಿರು ತೆಗೆದುಕೊಂಡರು. ಹಿಂದೆ ಮಲಿಕಾಳ ಗೊರಸಿನ ಸದ್ದು ನಿಂತಿತ್ತು. ಆಮೇಲೆ ಅತ್ತೆಯ ಹಾಗೆಯೇ ಮಾವನ ದನಿಯೂ ಇಳಿಯಿತು. ನಾನು ಎಂದೂ ಕೇಳಿರದ ಭಾಗ ಅದು. ಖಾಲಾ ಫೋನಿನ ಸದ್ದನ್ನು ಪೂರಾ ಏರಿಸಿದರು.

"ರಾಜೇಶ್ವರದಾಗ ನಮ್ಮವ್ವ ಹೋದಾಗ ಮಣ್ಣ ಮಾಡಿ ಸಂಜಿಗೇ ಹಾಲಿಗಿ ಅಂತ ಓಡಿ ಬಂದೆ. ಅವ್ವ ಇಲ್ಲದ ಮನ್ಯಾಗ ಒಂದ್ ರಾತ್ರಿ ಕುಂಡ್ರಲಿಲ್ಲ. ಇವತ್ತೊಂದ್ ದಿನ ಇರು, ಹಾಲ ಹಾಳಾಗಿ ಹೋಗ್ಲಿ ಅಂತ ಈ ಮನಷ್ಯಾ ಒಂದ್ ಮಾತ ಅನಲಿಲ್ಲ."

ಅಲ್ಲಿ ಮಾವ ನಿಂತರು. ಬಹಳ ಹೊತ್ತು ಏನೂ ಕೇಳಿಸಲಿಲ್ಲ. ಫೋನ್ ಕಟ್ಟಾಯಿತೇನೋ ಎಂದು ನಾನು ನೋಡಿದೆ, ಆಗಿರಲಿಲ್ಲ. ಅಷ್ಟರಲ್ಲಿ ಖಾಲಿ ಬಕೆಟ್ಟಿಗೆ ತೆಳ್ಳಗೆ ಒಂದು ಧಾರೆ ಬಿತ್ತು. ಹಿಂದೆಯೇ ಇನ್ನೊಂದು. ಆಮೇಲೆ ನೊರೆಯ ಮೇಲೆ ಬೀಳುವ ಆ ದಪ್ಪ ಸದ್ದು, ಬಿಡುವಿಲ್ಲದೆ.

ಸಮ್ರೀನ ಮತ್ತೆ ಪಿಸುಗುಟ್ಟಿದಳು. "ಸೀರಿ ಉಟ್ಟಿಲ್ಲ ಅಮ್ಮೀ. ತಮ್ಮ ಬಿಳಿ ಅಂಗಿ ಮ್ಯಾಲನ ಕುಂತಾರ."

ಕಂಡಕ್ಟರ್ ಹುಬ್ಬಳ್ಳಿ ಹುಬ್ಬಳ್ಳಿ ಎಂದು ಕೂಗಿದ. ಖಾಲಾ ಸೆರಗಿನಿಂದ ಕಣ್ಣೊರೆಸಿಕೊಂಡರು. ಅತ್ತೆ ಅಳಲಿಲ್ಲ. ಅವರ ಮುಖ ಕೆಂಪಗಾಗಿತ್ತು. ಸಂತೋಷವಾಯಿತು ಎಂದರೆ ಅರ್ಧ ಮಾತ್ರ ಹೇಳಿದಂತೆ.

"ಎಲ್ಲಾ ಕೇಳ್ಯಾನ," ಎಂದರು. "ಇಷ್ಟ ವರ್ಷ ಎಲ್ಲಾ ಕೇಳಕೋತ ಪೇಪರ್ ಓದ್ಯಾನ."

"ಅತ್ತೀ, ಬಸ್ಸ ಹೊಂಡ್ತದರಿ," ಎಂದೆ.

"ಹೋಗ್ಲಿ. ಚೀಲ ಇಳಸು."

ಚೀಲ ಇಳಿಸುವಷ್ಟರಲ್ಲಿ ಅತ್ತೆ ರಸ್ತೆ ದಾಟಿ ಕಡಲಿನ ಕಡೆ ನಡೆದೇ ಬಿಟ್ಟಿದ್ದರು. ನಾವು ಸಾಮಾನು ಹೊತ್ತುಕೊಂಡು ಹಿಂದೆ ಓಡಿದೆವು. ದೋಣಿಯ ಹತ್ತಿರ ಮುಟ್ಟಿದಾಗ ನನ್ನ ಫೋನ್ ಬಡಿದುಕೊಂಡಿತು. ಮಾವ.

"ಅತ್ತಿಗಿ ಹೇಳು, ಮಲಿಕಾ ಹಾಲ ಕೊಟ್ಟಾಳ. ಬಕೆಟ್ ತುಂಬ ಕೊಟ್ಟಾಳ. ಬರೂದ ಬ್ಯಾಡ, ಇರ್ರಿ."

ನಾನು ಸ್ಪೀಕರ್ ಹಾಕಿದೆ, ಅತ್ತೆ ಫೋನ್ ತೆಗೆದುಕೊಂಡರು. "ಹ್ಯಾಂಗ ಕೊಟ್ಟಳು?"

ಮಾವ ಗಂಟಲು ಸರಿಪಡಿಸಿಕೊಂಡರು. "ಅದ ಸೀರಿ. ಎರಡ್ ದಿನ ಕೊಟ್ಟಿಗ್ಯಾಗ ಇತ್ತಲ್ಲ, ಮತ್ತ ವಾಸನಿ ಹತ್ತಿತ್ತು. ಉಟಗೊಂಡೆ, ಕೊಟ್ಟಳು."

ಖಾಲಾ ನಗು ತಡೆಯಲಾರದೆ ಆಚೆ ತಿರುಗಿದರು. ಈಗ ಅತ್ತೆ ಹರಿಹಾಯುತ್ತಾರೆ ಎಂದು ನಾನು ಕಾದೆ.

"ಹೌದ್ರಿ? ಚಲೋ ಆತು," ಎಂದರು ಅತ್ತೆ. ಸ್ವಲ್ಪ ತಡೆದು, "ಚಾ ಕುಡದ್ರಿ?" ಎಂದು ಕೇಳಿದರು.

"ಮಾಡ್ಕೊಂಡೆ," ಎಂದರು ಮಾವ.

ದೋಣಿ ಹೊರಟಿತು. ಅತ್ತೆ ಮುಂದಿನ ಹಲಗೆಯ ಮೇಲೆ ಕುಳಿತರು, ಯಾರನ್ನೂ ಕೇಳದೆ. ಬಿಸಿಲು ನೀರಿನ ಮೇಲೆ ಹರಡಿತ್ತು. ಗುಡ್ಡ ಹತ್ತಿರ ಬಂದು, ಪಕ್ಕಕ್ಕೆ ಸರಿದು, ಹಿಂದಾಯಿತು. ಮುಂದೆ ನೀರು ಬಿಟ್ಟರೆ ಬೇರೇನೂ ಇರಲಿಲ್ಲ. ದೋಣಿಯವನು ಎಂಜಿನ್ ನಿಲ್ಲಿಸಿ ಅತ್ತೆಯ ಮುಖವನ್ನೇ ನೋಡುತ್ತ ನಿಂತ. ಅತ್ತೆ ಕಣ್ಣಿಗೆ ಕೈ ಅಡ್ಡ ಹಿಡಿದು ಈ ಕೊನೆಯಿಂದ ಆ ಕೊನೆಯವರೆಗೆ ನಿಧಾನವಾಗಿ ನೋಡಿದರು, ಹೊಲ ಕೊಳ್ಳುವವರು ಬದು ನೋಡುವ ಹಾಗೆ.

"ಇಲ್ಲ," ಎಂದರು ಕಡೆಗೆ. "ದಂಡಿ ಇಲ್ಲ. ಜೈನಬಿ, ನೀ ಖರೇನ ಹೇಳಿದ್ದಿ."

ವರ್ಷಗಟ್ಟಲೆ ಕಾದಿದ್ದ ಗೆಲುವು ಅದು. ಆದರೆ ಖಾಲಾ ದೋಣಿಯ ಅಂಚು ಹಿಡಿದು ವಾಂತಿ ತಡೆಯುವುದರಲ್ಲಿದ್ದರು. ಕೈಯನ್ನಷ್ಟೇ ಎತ್ತಿ ಗೆಲುವನ್ನು ಒಪ್ಪಿಕೊಂಡರು.

ಅತ್ತೆ ಮತ್ತೆ ನೀರಿನ ಕಡೆ ತಿರುಗಿದರು. ಅವರು ಸಮುದ್ರ ನೋಡುತ್ತಿದ್ದಾರೆ ಎಂದುಕೊಂಡು ನಾನು ಸುಮ್ಮನಿದ್ದೆ.

"ಕಡೀ ಮಾತ ಅನಲಿಲ್ಲ ನೋಡು," ಎಂದರು.

"ಯಾವ ಮಾತರಿ?"

"ಎಲ್ಲಾ ಬರೋಬರಿ ಅಂದ್ರು. ಕಿವುಡ ಅದಾನ ಅನ್ನೂದೊಂದ ಬಿಟ್ರು."

ಇಷ್ಟು ವರ್ಷದಲ್ಲಿ ಅತ್ತೆ ಮಾವನನ್ನು ಅವರ ಬೆನ್ನ ಹಿಂದೆ ಬಹುವಚನದಲ್ಲಿ ಕರೆದದ್ದು ನಾನು ಕೇಳಿದ್ದು ಆಗಲೇ. ದೋಣಿ ಸಣ್ಣಗೆ ಓಲಾಡಿತು. ಅತ್ತೆ ನನ್ನ ಮೊಣಕೈ ಗಟ್ಟಿಯಾಗಿ ಹಿಡಿದುಕೊಂಡರು.

"ಇನ್ನ ಊರಿಗಿ ಹೋದ ಮ್ಯಾಲ ಅದನ್ನ ನಾ ಹ್ಯಾಂಗ ಅನ್ನಲಿ ಶೀತಲ? ಅನಲಿಲ್ಲಂದ್ರ ಮಲಿಕಾ ಹಾಲ ಕೊಡ್ತಾಳೋ ಇಲ್ಲೋ."

ಆ ಮಾತಿಲ್ಲದೆಯೂ ಕೊಡುತ್ತಾಳೆ ಎಂದು ಆ ಮುಂಜಾನೆಯೇ ನಮ್ಮಿಬ್ಬರಿಗೂ ಗೊತ್ತಾಗಿತ್ತು. ನಾನು ಹೇಳಲಿಲ್ಲ. ಎಂಜಿನ್ ಶುರು ಮಾಡಬೇಕೇ ಎಂದು ದೋಣಿಯವನು ಕೇಳಿದ. ಇನ್ನೂ ಸ್ವಲ್ಪ ಹೊತ್ತು ಇರೋಣ, ಊರಲ್ಲಿ ಹಾಲು ಹಿಂಡುವವರು ಇದ್ದಾರೆ ಎಂದು ಅತ್ತೆ ಅವನಿಗೆ ಮರಾಠಿಯಲ್ಲಿ ಹೇಳಿದರು.